ಚೀಟಿಯಲ್ಲಿ ಬಿಟ್ಟುಹೋದ ಒಂದು ಪದ

ಆ ಬೆಳಿಗ್ಗೆಯೂ ಎಂದಿನಂತೆ ತತ್ತಿಯ ಚಿಪ್ಪುಗಳನ್ನು ಕುದಿಸಿ, ಒಳಗಿನ ತೆಳು ಪೊರೆ ಬಿಡಿಸಿ ಬಿಸಿಲಿಗೆ ಹರವಿದೆ. ಮೊದಲೇ ಒಣಗಿದ್ದವನ್ನು ಅರೆದು, ತೆಳು ಬಟ್ಟೆಯಲ್ಲಿ ಸೋಸಿ ಶೀಶೆಗೆ ತುಂಬಿದೆ. ಎರಡನೆಯ ಮಹಾಯುದ್ಧದ ವರ್ಷಗಳವು. ವಿಲಾಯತಿಯ ಕ್ಯಾಲ್ಸಿಯಂ ಗುಳಿಗೆ ಧಾರವಾಡದಲ್ಲಿ ಸಿಗುತ್ತಿರಲಿಲ್ಲ. ಮನೆಗೆಲಸ ಮುಗಿಸಿ ಹೆಂಗಸರ ದವಾಖಾನೆಗೆ ಹೋಗಿ ಪುಡಿ ಕಟ್ಟಿ ಚೀಟಿ ಬರೆಯುವುದು ನನ್ನ ಸೇವೆ. ಕಾನ್ವೆಂಟಿನಲ್ಲಿ ಕಲಿತ ನನ್ನ ದುಂಡು ಅಕ್ಷರ ಡಾಕ್ಟರ್ ಬಾಯಿಯವರಿಗೆ ಮೆಚ್ಚುಗೆಯಾಗಿತ್ತು.

ಮಾಳಮಡ್ಡಿಯ ರಾಧಾಬಾಯಿಯವರ ಸೊಸೆ ಸುಮಿತ್ರಾ ಆಗ ಏಳು ತಿಂಗಳ ಬಸುರಿ. ಎರಡು ತಿಂಗಳ ಹಿಂದೆ ಅವಳನ್ನು ಇಬ್ಬರು ಹಿಡಿದು ತಂದಿದ್ದರು. ಹೊಸ್ತಿಲು ದಾಟಲು ಕಾಲು ಏಳುತ್ತಿರಲಿಲ್ಲ. ಅದು ಆಸ್ಟಿಯೋಮಲೇಶಿಯಾ, ಅಂದರೆ ಎಲುಬು ಮೆತ್ತಗಾಗುವ ರೋಗ. ಸೊಂಟದ ಎಲುಬು ಬಾಗಿದರೆ ಹೆರಿಗೆಯಲ್ಲಿ ತಾಯಿ, ಮಗು ಇಬ್ಬರಿಗೂ ಅಪಾಯ ಎಂದ ಡಾಕ್ಟರ್, ದಿನಾ ಬಿಸಿಲಿಗೆ ಕೂರಲು ಹೇಳಿ, ಹಾಲು ಮತ್ತು ಈ ಪುಡಿ ಗೊತ್ತುಮಾಡಿದರು. ಚೀಟಿಯಲ್ಲಿ ನಾನು 'ಚಿಪ್ಪಿನ ಪುಡಿ' ಎಂದಷ್ಟೇ ಬರೆದಿದ್ದೆ.

ಆ ದಿನ ಸುಮಿತ್ರಾ ತಾನೇ ಮೆಟ್ಟಿಲೇರಿ ಬಂದಳು. ಖಾಲಿ ಶೀಶೆಯನ್ನು ಸೆರಗಿನಿಂದ ಒರೆಸುತ್ತ ರಾಧಾಬಾಯಿ ನನ್ನನ್ನು ಕೇಳಿದರು, "ಬಾಯಾರ, ಇದು ಯಾವ ಸಮುದ್ರದ ಚಿಪ್ಪರಿ? ನಮ್ಮ ತಮ್ಮ ಕಾರವಾರದಾಗ ಇದ್ದಾನ. ಬುಟ್ಟಿ ತುಂಬ ಕಳಸು ಅಂತ ಬರೀತೇನಿ."

ತತ್ತಿ ಮುಟ್ಟದ, ಶಂಖಭಸ್ಮ ಬಲ್ಲ ಮನೆತನ. ಚಿಪ್ಪೆಂದರೆ ಅವರಿಗೆ ಸಮುದ್ರದ್ದೇ. ಕೋಳಿ ಸಾಕಿದ ನಮ್ಮ ಮನೆಯಲ್ಲಿ ಅದು ತತ್ತಿಯದು. ಹೂಂ ಎಂದುಬಿಡಬಹುದಿತ್ತು.

"ಸಮುದ್ರದ್ದಲ್ಲರಿ, ಕೋಳಿ ತತ್ತೀದು. ನಾ ಬಿಡಿಸಿ ಬರೀಲಿಲ್ಲ, ತಪ್ಪು ನಂದು."

ರಾಧಾಬಾಯಿ ಶೀಶೆಯನ್ನು ಮೇಜಿನ ಮೇಲಿಟ್ಟರು. "ಎರಡು ತಿಂಗಳಾತು. ದೇವರ ನೈವೇದ್ಯದ ಮಗ್ಗಲಕ್ಕ ಇಟ್ಟಿದ್ದೆನಲ್ಲ ಇದನ್ನ."

"ಅತ್ಯಾ, ನನಗ ನಿಂದರಲಿಕ್ಕೆ ಬರಲಿಕತ್ತದ," ಎಂದಳು ಸುಮಿತ್ರಾ, ನೆಲ ನೋಡುತ್ತ.

ಡಾಕ್ಟರ್ ಸಮಾಧಾನದಿಂದ ಹೇಳಿದರು, "ಕಾರವಾರದ ಚಿಪ್ಪು ಬರೂತನಕ ಬಿಡಬ್ಯಾಡ್ರಿ. ಹೆರಿಗಿ ದೂರಿಲ್ಲ."

ರಾಧಾಬಾಯಿ ನಾನು ತುಂಬಿಕೊಟ್ಟ ಶೀಶೆಯನ್ನು ಮೈಗೆ ತಾಗದಂತೆ ಕಾಗದದಲ್ಲಿ ಸುತ್ತಿ ಒಯ್ದರು. ಸೊಸೆಗೆ ಕೊಡುವರೋ, ದಾರಿಯಲ್ಲೇ ಚೆಲ್ಲುವರೋ, ನನಗೆ ತಿಳಿಯಲಿಲ್ಲ.

ಅಂದಿನಿಂದ ಪ್ರತಿ ಚೀಟಿಯಲ್ಲೂ ಯಾವುದರ ಚಿಪ್ಪೆಂದು ಬಿಡಿಸಿ ಬರೆದೆ. ಮದ್ದು ಹಿಡಿಯಿತೆಂದ ಮಾತ್ರಕ್ಕೆ, ಕೇಳದೆ ತಿನ್ನಿಸಿದ್ದು ಸರಿಯಾಗದು.

ಅದೇ ದಿನ ಸಂಜೆ ಪಕ್ಕದ ಮನೆಯ ಗಂಗವ್ವ, ರಾಧಾಬಾಯಿಯವರ ಮನೆಗೂ ಹಾಲು ಹಾಕುವವಳು, ನನ್ನ ತಂಬಿಗೆಗೆ ಹಾಲು ಸುರಿಯುತ್ತ ಅಂದಳು: "ಆ ರಾಧಾಬಾಯಾರಿಗೆ ಏನಾಗೇತೋ ಏನೋರಿ. ಸೊಸಿನ್ನ ಹಿತ್ತಲದಾಗ ಕುಂದರಿಸಿ, ಬ್ಯಾರೆ ಬಟ್ಟಲದಾಗ ಏನೋ ಬಿಳೇದು ಕಲಸಿ ಕುಡಿಸಿದ್ರು. ಆಮ್ಯಾಲೆ ಬಾವಿಗೆ ಹೋಗಿ ಎರಡು ಕೊಡ ನೀರು ತಲಿಮ್ಯಾಲ ಸುರಕೊಂಡ್ರು, ಈ ಥಂಡ್ಯಾಗ."