ಜಂತೆಗೆ ತೂಗುಬಿಟ್ಟ ದೇವಕಣಗಿಲೆ

ಬೆಟಗೇರಿಯ ನಮ್ಮ ಮನೆಯ ಮುಂದೆ ಆ ದಿನ ಇದ್ದವರು ಅವ್ವ, ನಾನು, ಎದುರುಮನೆಯ ಕಾಕಾ ಮತ್ತು ಗರಗಸ ಹಿಡಿದ ಇಬ್ಬರು ಕೆಲಸಗಾರರು. ಗಟಾರ ಅಗಲ ಮಾಡಲು ನಮ್ಮ ದೇವಕಣಗಿಲೆ ಮರ ಹೋಗಲೇಬೇಕಿತ್ತು. ಅವ್ವ ಮದುವೆಯಾಗಿ ಬಂದ ವರ್ಷ ಲಕ್ಕುಂಡಿಯ ತವರಿನಿಂದ ಬಸ್ಸಿನಲ್ಲಿ ಟೊಂಗೆ ತಂದು ಬೆಳೆಸಿದ ಮರ. ತವರಿನ ಮೂಲ ಮರ ಈಗಿಲ್ಲ. ಇದೂ ಹೋದರೆ ಆ ಬಿಳಿ ಹೂವಿನ ವಂಶವೇ ಮುಗಿದಂತೆ.

ಅವ್ವ ಅಳಲಿಲ್ಲ, ಜಗಳಾಡಲಿಲ್ಲ. "ಕಡಿಯೋದು ಕಡೀರಿ. ಅದಕಿಂತ ಮೊದಲ ನನಗ ಎರಡು ಟೊಂಗಿ ಕೊಯ್ದು ಕೊಡ್ರಿ, ಮೊಳದುದ್ದ ಇರ್ಲಿ" ಎಂದಳು.

ಕೊಯ್ದಲ್ಲಿ ಹಾಲು ಸುರಿಯುತ್ತಿತ್ತು. ಅವ್ವ ಆ ಎರಡಕ್ಕೂ ದಾರ ಕಟ್ಟಿ ಪಡಸಾಲೆಯ ಜಂತೆಗೆ ತೂಗುಬಿಟ್ಟಳು. ಮಣ್ಣಿಲ್ಲ, ನೀರಿಲ್ಲ. ಕಾಕಾ ದಿನಾ ಬಾಗಿಲಲ್ಲಿ ನಿಂತು ಚಾಷ್ಟಿ ಮಾಡುವರು.

"ಏನ್ರಿ ವೈನಿ, ಒಲಿಗೆ ಕಟಗಿ ಒಣಗಸಾಕ ಹತ್ತೀರೇನು?"

"ಹೂಂ. ಹೂ ಬಿಟ್ಟಾಗ ನಾಚಗೊಳ್ಳದ ಇಸಗೊಂಡು ಹೋಗ್ರಿ, ಅಷ್ಟ ಸಾಕು."

ನನಗೋ ತಡೆಯಲಾಗಲಿಲ್ಲ. ಬಿದ್ದಿದ್ದ ಇನ್ನೊಂದು ಟೊಂಗೆಯನ್ನು ಕಡಿದ ದಿನವೇ ಹಿತ್ತಲಿನ ಎರೆಮಣ್ಣಿನಲ್ಲಿ ನೆಟ್ಟು ಎರಡು ಹೊತ್ತೂ ಕೊಡಗಟ್ಟಲೆ ನೀರು ಹೊಯ್ದೆ. ಹತ್ತು ದಿನಕ್ಕೆ ಅದು ಕೊಳೆತ ಬಾಳೆಹಣ್ಣಿನಂತೆ ಮೆತ್ತಗಾಯಿತು.

"ಮಾಯಾ ಮಮತಿ ಮಾಡಿ ಮಾಡಿ ಕೊಂದಿ ನೋಡಲೇ," ಅವ್ವ ನಕ್ಕಳು. "ಅದರ ಹೊಟ್ಟ್ಯಾಗ ಮೊದಲ ನೀರು ಐತಿ. ಕೊಯ್ದ ಗಾಯ ಒಣಗಿ ಮಾಯೂಮಟ ಕಾಯಬೇಕು."

ಮೂರು ವಾರವಾದ ಮೇಲೆ ಟೊಂಗೆಗಳ ಬುಡ ಒಣಗಿ ಗಟ್ಟಿಯಾಗಿತ್ತು. ಅವ್ವ ಒಡೆದ ಟಬ್ಬಿನಲ್ಲಿ ಗರಸು ಮಣ್ಣು, ಇಟ್ಟಂಗಿ ಚೂರು ಕಲಸಿ ಎರಡನ್ನೂ ನೆಟ್ಟಳು. ಒಂದು ತಂಬಿಗೆ ನೀರು, ಅಷ್ಟೇ. ಒಂದು ಸುಕ್ಕಿ ಸತ್ತಿತು. ಆವತ್ತು ಅವ್ವ ಊಟ ಮಾಡಲಿಲ್ಲ. ಉಳಿದದ್ದರ ಮುಂದೆ ದಿನಾ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ನೋಡುವಳು.

ಒಂದು ಮುಂಜಾನೆ ತುದಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಅವ್ವ ಕಾಕಾರನ್ನು ಕರೆಸಿದಳು. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿ, "ಖರೇನ ಚಿಗುರು ಐತಲ್ರಿ ವೈನಿ!" ಎಂದರು. ಆಗ ಅವ್ವ ಸೆರಗು ಸರಿಪಡಿಸಿಕೊಂಡು ನಿಂತ ಠೀವಿ ಇನ್ನೂ ಕಣ್ಣ ಮುಂದಿದೆ. ಪುಸ್ತಕ ಓದಿದ ನಾನು ಕೊಳೆಸಿದ್ದನ್ನು ಶಾಲೆಯ ಮೆಟ್ಟಿಲು ಹತ್ತದ ನನ್ನವ್ವ ಉಳಿಸಿದ್ದಳು. ಓಣಿ ತುಂಬ ಅದನ್ನು ಹೇಳಿಕೊಂಡು ತಿರುಗಿದವನು ನಾನೇ.

ಗಿಡವನ್ನು ಮನೆಯ ಬಲಬದಿಯ ನೆಲಕ್ಕೆ ಇಳಿಸಿದೆವು. ಮೂರನೆಯ ಬೇಸಿಗೆಗೆ ಅದು ಹೂಬಿಟ್ಟಿತು. ಕಾಕಾ ಹೂವಿನ ಜೊತೆಗೆ ಮುಂಡರಗಿಯಲ್ಲಿರುವ ಮಗಳಿಗೆಂದು ಒಂದು ಟೊಂಗೆಯನ್ನೂ ಕೇಳಿ ಒಯ್ದರು. ಮುಂದಿನ ವಾರ ಕೆಲಸಕ್ಕೆಂದು ಮುಂಡರಗಿಗೆ ಹೋದಾಗ ಆ ಮಗಳ ಮನೆಗೆ ಹೋಗಿದ್ದೆ. ಪಡಸಾಲೆಯ ಗೂಟಕ್ಕೆ ದಾರ ಕಟ್ಟಿ ಆ ಟೊಂಗೆಯನ್ನು ತೂಗುಬಿಟ್ಟಿದ್ದರು.