ಹೊಟ್ಟೆ ಸೀಳದ 'ಧ'

ಕಾವೂರಿನ ಮುಖೇಶ್ ಟೈಲ್ಸ್ ಅಂಗಡಿಯೊಂದರಲ್ಲಿ ಮ್ಯಾನೇಜರ್. ನಲವತ್ತು ದಾಟಿದ ಮೇಲೆ ಅವನಿಗೆ ತಾನೊಬ್ಬ ಕಲಾವಿದ ಎಂಬ ಗುಮಾನಿ ಹುಟ್ಟಿತು. ಅಚ್ಚಿನ ಅಕ್ಷರಗಳನ್ನು ಕೈಯಲ್ಲೇ ಬರೆಯಲು ಕಲಿಸುವ ಡೆರಿಲ್ ಎಂಬವರ ಭಾನುವಾರದ ಕ್ಲಾಸಿಗೆ ಸೇರಿದ.

"ಮೊದಲು ಹಳೇ ಪಠ್ಯಪುಸ್ತಕದ ಅಕ್ಷರಗಳನ್ನು ನೋಡಿ ನೋಡಿ ಬರೆಯಿರಿ. ಕೈ ಪಳಗಬೇಕು" ಎಂದರು ಡೆರಿಲ್.

ಮುಖೇಶ್ 'ಅ'ದಿಂದ ಹೊರಟು 'ಈ' ತಲಪುವಷ್ಟರಲ್ಲಿ ಸುಸ್ತಾದ. ಇದು ಒಂದನೇ ಕ್ಲಾಸಿನ ಮಕ್ಕಳ ಕೆಲಸವೆಂದು ತೀರ್ಮಾನಿಸಿ, ನೇರವಾಗಿ ತನ್ನದೇ ಶೈಲಿ ಕಂಡುಹಿಡಿಯಲು ಹೊರಟ.

ಅಂದಿನಿಂದ ಮನೆಯವರಿಗೆ ನೆಮ್ಮದಿ ಇಲ್ಲ. ಮದುವೆಗೆ ಕರೆಯಲು ಬಂದವರೆದುರೇ ಆಮಂತ್ರಣದ ಕಾಗದವನ್ನು ದೂರ ಹಿಡಿದು, "ಛೆ, ಈ 'ಶ್ರೀ'ಗೆ ಉಸಿರಾಡಲು ಜಾಗವೇ ಇಲ್ಲ" ಎನ್ನುವನು. ಬಸ್ಸಿನ ಬೋರ್ಡಿನ 'ಕ' ಸೊಟ್ಟಗಿದೆಯೆಂದು ನೋಡುತ್ತ ನಿಂತು ಬಸ್ಸನ್ನೇ ತಪ್ಪಿಸಿಕೊಂಡ.

"ಬಸ್ಸು ಇರುವುದು ಹತ್ತಲಿಕ್ಕೆ, ಮಾರ್ಕ್ ಕೊಡಲಿಕ್ಕಲ್ಲ" ಎಂದಳು ಹೆಂಡತಿ ಅಶ್ಮಿತಾ.

ಅಷ್ಟರಲ್ಲಿ ಅವನ ಅಕ್ಕ ಉಮಾವತಿ ಬಿಕರ್ನಕಟ್ಟೆಯಲ್ಲಿ 'ಧನಲಕ್ಷ್ಮಿ' ಎಂಬ ಹೊಲಿಗೆ ಅಂಗಡಿ ತೆರೆದಳು. ಬೋರ್ಡು ತಾನೇ ಬರೆಯುವುದೆಂದು ಮುಖೇಶ್ ಹಟ ಹಿಡಿದ. ಬರೆದದ್ದೇನೋ ಚೆಂದವೇ ಇತ್ತು, ದಪ್ಪ ದಪ್ಪ, ಉರುಟು ಉರುಟು. ಆದರೆ 'ಧ'ದ ಹೊಟ್ಟೆ ಸೀಳುವ ಆ ಪುಟ್ಟ ಗೀಟು ಅವನ ಕಣ್ಣಿಗೆ ಕಸದಂತೆ ಕಂಡಿತ್ತು. ಬಿಟ್ಟುಬಿಟ್ಟಿದ್ದ.

ಅಕ್ಕ ಓದಿದಳು. "ದನಲಕ್ಷ್ಮಿ! ಎಂತ ಮಾರಾಯ ಇದು?"

"ಅದು ಮಿನಿಮಲ್, ಅಕ್ಕ. ಗೀಟು ಓದುವವರ ಮನಸ್ಸಿನಲ್ಲಿ ಇರ್ತದೆ."

ಓದುವವರ ಮನಸ್ಸಿನಲ್ಲಿ ಇದ್ದದ್ದು ದನ. ಮೊದಲ ವಾರವೇ ಒಬ್ಬರು ಬಂದು ಹಿಂಡಿ ಉಂಟಾ ಎಂದು ಕೇಳಿದರು. ಇನ್ನೊಬ್ಬರು ಫೋನ್ ಮಾಡಿ, ಕರು ಹಾಕಿದ ಜೆರ್ಸಿ ಮಾರಾಟಕ್ಕೆ ಉಂಟಾ ಎಂದರು. ರವಿಕೆಗೆ ಅಳತೆ ಕೊಡಲು ಬಂದ ದಪ್ಪನೆಯ ಹೆಂಗಸೊಬ್ಬಳು ಬೋರ್ಡು ಓದಿ, ತನ್ನನ್ನೊಮ್ಮೆ ನೋಡಿಕೊಂಡು, ಬುಸುಗುಡುತ್ತ ಎದುರಿನ ಟೈಲರಲ್ಲಿಗೆ ಹೋದಳು.

ಉಮಾವತಿ ತಮ್ಮನನ್ನು ಕರೆಸಿದಳು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. "ಏಣಿ ಹತ್ತು. ಅದರ ಹೊಟ್ಟೆ ನೀನು ಸೀಳ್ತೀಯಾ, ಇಲ್ಲಾ ನಿನ್ನದನ್ನು ನಾನು ಸೀಳಬೇಕಾ?"

"ಡಿಸೈನ್ ಹಾಳಾಗ್ತದೆ ಅಕ್ಕ" ಎನ್ನುತ್ತಲೇ ಮುಖೇಶ್ ಹತ್ತಿದ. ಕೈ ಪಳಗಿರಲಿಲ್ಲ. ಎಳೆದ ಗೀಟು ಬಾಲದಂತೆ ಡೊಂಕಾಯಿತು. ಡೊಂಕಾದರೇನು, ದನ ಹೋಗಿ ಧನ ಬಂತಲ್ಲ ಎಂದು ಉಮಾವತಿ ಹೊಲಿಗೆ ಮೆಷಿನ್ನಿನ ಕಡೆ ತಿರುಗಿದಳು.

ಮುಖೇಶ್ ಅವತ್ತೇ ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದ: "ಮರೆಯಾಗುತ್ತಿರುವ ಮಹಾಪ್ರಾಣಕ್ಕೆ ನನ್ನ ಕಿರುಕಾಣಿಕೆ." ಲೈಕುಗಳು ಸುರಿದವು. ಒಳಗೊಳಗೆ ಅಳುಕಿದ್ದರೂ, ಇಷ್ಟು ಜನ ಹೊಗಳಿದ ಮೇಲೆ ಅದು ಸುಳ್ಳಾಗಿರಲು ಸಾಧ್ಯವಿಲ್ಲ ಎಂದು ಅವನಿಗೇ ಅನಿಸಿತು.

ಈಗ ಅವನದ್ದೇ ಒಂದು ಕ್ಲಾಸು ಉಂಟು. ಅಕ್ಷರದ ಆತ್ಮದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾನಂತೆ. "ಒಂದು ಬರೆದು ತೋರಿಸಿ ಸರ್" ಎಂದರೆ ಮಾತ್ರ ಪೆನ್ ಬಿಟ್ಟು, ಆ ಬೋರ್ಡಿನ ಫೋಟೋ ಇರುವ ಪೆನ್ ಡ್ರೈವ್ ಹುಡುಕಲು ಶುರುಮಾಡ್ತಾನಂತೆ.