ಅರವತ್ತೆಂಟು ಕಿಲೋ

ತೂಕದ ಮಷಿನಿನ ಮೇಲೆ ನಿಂತಾಗ ಮಾವನವರು ಎರಡೂ ಕಾಲಿನ ಹೆಬ್ಬೆರಳುಗಳನ್ನು ಮೇಲಕ್ಕೆತ್ತಿ ಹಿಡಿಯುತ್ತಿದ್ದರು. ಅದರಿಂದ ತೂಕ ಇಳಿಯುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಕುಷಾಯಿಗೂಡದ ಪಕ್ಕದ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ತಪಾಸಣೆ ಮಾಡುವುದೇ ಅವರ ನೌಕರಿಯಾಗಿತ್ತು. ಆದರೂ ಎತ್ತುತ್ತಿದ್ದರು. ಆ ಭಾನುವಾರ ಬೆಳಿಗ್ಗೆ ಮುಳ್ಳು ಅರವತ್ತೆಂಟಕ್ಕೆ ಬಂದು ನಿಂತಿತು.

“ಯವ್ವಾ, ಬಾ ಇಲ್ಲಿ, ಲಗೂನ ಬಾ!” ಎಂದು ಕೂಗಿದರು. ನಾನು ಹಿಟ್ಟಿನ ಕೈಯಲ್ಲೇ ಓಡಿದೆ.

ಕಾರ್ಖಾನೆಯ ದವಾಖಾನೆಯ ಗೋಡೆಯ ಮೇಲೆ ಒಂದು ಪಟ್ಟಿ ಇತ್ತಂತೆ, ಯಾವ ಎತ್ತರದವರು ಎಷ್ಟು ತೂಕ ಇರಬೇಕೆಂದು. ನಿವೃತ್ತಿಯ ದಿನ ಎಲ್ಲರೂ ಹಾರ ಹಾಕಿಸಿಕೊಳ್ಳುತ್ತಿದ್ದಾಗ ಇವರು ಅಲ್ಲಿಗೆ ಹೋಗಿ ತಮ್ಮ ಸಾಲನ್ನು ಬರೆದುಕೊಂಡು ಬಂದಿದ್ದರು: ಅರವತ್ತೆಂಟು ಕಿಲೋ. ಆಗ ಅವರು ಎಂಬತ್ತೆರಡು ಕಿಲೋ ಇದ್ದರು. “ನಮ್ಮಪ್ಪ ಅರವತ್ತು ವರ್ಷ ಕಾಣಲಿಲ್ಲ. ನಾ ತೊಂಬತ್ತು ಕಂಡ ಹೋಗಾಂವ. ನೀವೆಲ್ಲಾ ಬ್ಯಾಸತ್ತು ಕೈ ಮುಗೀಬೇಕು” ಎನ್ನುತ್ತಿದ್ದರು.

ಕಲಬುರಗಿ ಕಡೆಯ ಮನುಷ್ಯ, ಜೋಳದ ರೊಟ್ಟಿ ನಾಲ್ಕು ತಿನ್ನುತ್ತಿದ್ದವರು. ಅದನ್ನು ಎರಡಕ್ಕೆ ಇಳಿಸುವ ಕೆಲಸ ನನ್ನದಾಯಿತು. ಮೊದಮೊದಲು ಜಗಳ. “ಸೊಸಿ ಅಲ್ಲ ಇಕಿ, ರೇಷನ್ ಅಂಗಡ್ಯಾಕಿ” ಎಂದು ನನ್ನ ಗಂಡನೆದುರು ದೂರುತ್ತಿದ್ದರು. ಐದಾರು ವರ್ಷದಲ್ಲಿ ತೂಕ ಎಪ್ಪತ್ತೇಳಕ್ಕೆ ಬಂದು ಅಲ್ಲೇ ಕೂತುಬಿಟ್ಟಿತ್ತು. ಆಮೇಲೆ ಒಂದು ಬೇಸಿಗೆಯಲ್ಲಿ ಅವರು ತಾವಾಗಿಯೇ ಎರಡನೇ ರೊಟ್ಟಿಯನ್ನೂ ತಳ್ಳತೊಡಗಿದರು. “ಸಾಕವ್ವ, ಬ್ಯಾಡ.” ಎಂಥ ಮನೋಬಲ ಎಂದು ನಾನು ಮೆಚ್ಚಿಕೊಂಡೆ. ತೂಕ ಸರಸರನೆ ಇಳಿಯಿತು.

ಅರವತ್ತೆಂಟು ಬಂದ ಆ ಭಾನುವಾರ ಬೂಂದಿ ಲಾಡು ತರಿಸಿ ಓಣಿಗೆಲ್ಲ ಹಂಚಿದೆವು. ಎದುರು ಮನೆಯ ತೆಲುಗಿನವರು, “ಏಮಂಡಿ, ಪೆಳ್ಳಿಕೊಡುಕುಲಾ ಉನ್ನಾರು!” ಎಂದರು. ಮದುಮಗನ ಹಾಗಿದ್ದೀರಿ ಎಂದದ್ದಕ್ಕೆ ಮಾವನವರು, ಹಾರ ಹಾಕಿದ್ದ ಅತ್ತೆಯವರ ಫೋಟೋ ತೋರಿಸಿ, “ಮೆಲ್ಲಕ ಅನ್ರಿ, ಆಕಿ ಕೇಳ್ಯಾಳು” ಎಂದರು.

ಮುಂದಿನ ವಾರ ಅರವತ್ತಾರು. ಅದರ ಮುಂದಿನದು ಅರವತ್ತೈದು.

“ಮಷಿನ್ ಕೆಟ್ಟೈತಿ” ಎಂದರು ಮಾವನವರು. ಜೀವನವಿಡೀ ಕಲಿತದ್ದು ಅದೇ: ಲೆಕ್ಕ ತಪ್ಪಿದರೆ ಮೊದಲು ಉಪಕರಣವನ್ನು ಸಂಶಯಿಸಬೇಕು, ಆಮೇಲೆ ವಸ್ತುವನ್ನು. ಹತ್ತು ಕಿಲೋ ಅಕ್ಕಿಯ ಚೀಲ ಇಟ್ಟು ನೋಡಿದರು. ಸರಿಯಾಗಿ ಹತ್ತು ತೋರಿಸಿತು. ಹಗುರ ತೂಕ ಸರಿ ತೋರಿಸುತ್ತದೆ, ಭಾರ ಬಿದ್ದರೆ ಸ್ಪ್ರಿಂಗ್ ಬಿಗಿಯುತ್ತದೆ ಎಂದರು. ಬಿಚ್ಚಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿದರು. ಬ್ಯಾಟರಿಯ ಬೆಳಕು ಹಿಡಿದು ಪಕ್ಕದಲ್ಲಿ ಕೂತವಳು ನಾನೇ. ಹೀಗೆ ಮೂರು ವಾರ ಕಳೆದೆವು. ಡಾಕ್ಟರರ ಮಾತು ನಮ್ಮಿಬ್ಬರ ಬಾಯಲ್ಲೂ ಬರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ, “ನೀ ನಿಲ್ಲವ್ವ” ಎಂದರು. ನಿಂತೆ. ಮುಳ್ಳು ಅರವತ್ತೊಂದು ತೋರಿಸಿತು. ಎರಡು ದಿನದ ಹಿಂದೆ ಮಗಳ ಶಾಲೆಯ ಆರೋಗ್ಯ ಶಿಬಿರದಲ್ಲಿ ನನಗೆ ಬಂದದ್ದೂ ಅಷ್ಟೇ. ಅವರಿಗೆ ಅದು ಗೊತ್ತಿತ್ತು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಬಗ್ಗಿ ನೋಡಿದರು.

“ಮಷಿನ್ ಸರಿ ಐತಿ” ಎಂದರು, ಬಹಳ ಮೆಲ್ಲಗೆ.

ಬೇಗಂಪೇಟೆಯ ಡಾಕ್ಟರು ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದರು, ತಡವಾಗಿದೆಯೆಂದೂ ಹೇಳಿದರು. ಅದಾದ ಮೇಲೆ ಅವರು ನಾಲ್ಕು ತಿಂಗಳು ಇದ್ದರು. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ನನಗೆ ತಡೆಯಲಾಗಲಿಲ್ಲ.

“ಮಾವಾರ, ನಾ ನಿಮಗ ಉಪವಾಸ ಕೆಡವಿದೆ.”

“ಹುಚ್ಚವ್ವ, ಕೇಳಿದ್ರ ನೀ ಕೊಡ್ತಿದ್ದಿ. ನನಗ ಹಸಿವೇ ಆಗತಿದ್ದಿಲ್ಲ. ಹೇಳಿದ್ರ ಓಡಿಸಿಕೊಂಡು ದವಾಖಾನಿಗೆ ಒಯ್ತಿದ್ರಿ. ತೂಕ ಚಲೋ ಇಳ್ಯಾಕತ್ತಿತ್ತು ನೋಡು, ಅದಕ್ಕ ಸುಮ್ಮನಿದ್ದೆ.”

ಅವರು ಹೋದಾಗ ವಯಸ್ಸು ಅರವತ್ತೇಳು. ತಂದೆಗಿಂತ ಹೆಚ್ಚು ಬದುಕಿದರು ಎಂದು ಊರಿಂದ ಬಂದ ನೆಂಟರು ಸಮಾಧಾನ ಹೇಳಿದರು. ನಾನು ತಲೆಯಾಡಿಸಿದೆ.

ಗಂಡ ಕೆಲಸಕ್ಕೆ ಹೋಗುತ್ತಾರೆ, ಮಗಳು ಶಾಲೆಗೆ. ಒಂದು ಗಂಟೆಗೆ ನಾನು ಒಬ್ಬಳಿಗೇ ತಟ್ಟೆ ಹಾಕಿಕೊಳ್ಳುತ್ತೇನೆ. ಮಧ್ಯಾಹ್ನದ ಊಟಕ್ಕೆ ನನ್ನ ಜೊತೆ ಕೂಡುವವರು ಈ ಮನೆಯಲ್ಲಿ ಯಾರೂ ಇಲ್ಲ.